ಒಂದೇ ಮನೆಯ ಪ್ರೇಮಗೀತೆ, ಉಯಿಲು: ಪ್ರಾಚೀನ ಈಜಿಪ್ಟಿನ ದಾಂಪತ್ಯದ ಲೆಕ್ಕ

ಇವತ್ತಿನ ಸಂಚಿಕೆಗೆ ಕಾರಣ ನೀವೇ. ಪಿರಮಿಡ್ ಬಗ್ಗೆ ಮಾಡಿದ್ದ ಸಂಚಿಕೆ ಕೇಳಿ ಒಬ್ಬರು ಮೆಸೇಜ್ ಮಾಡಿದ್ರು: "ಈಜಿಪ್ಟಿನವರು ಸ್ವಂತ ಅಕ್ಕ-ತಂಗಿಯರನ್ನೇ ಮದುವೆ ಆಗ್ತಿದ್ರಂತೆ, ನಿಜವಾ?" ಒಂದು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಬಹುದಿತ್ತು. ಆದರೆ ಉತ್ತರ ಹುಡುಕ್ತಾ ಹೋದಾಗ ಒಂದು ಹಳ್ಳಿ ಸಿಕ್ತು, ಆ ಹಳ್ಳಿಯಲ್ಲಿ ಒಬ್ಬ ಅಜ್ಜಿ ಸಿಕ್ಕಳು. ಆ ಅಜ್ಜಿಯನ್ನು ನಿಮಗೆ ಪರಿಚಯ ಮಾಡಿಸದೆ ಬಿಡೋಕೆ ಮನಸ್ಸಾಗಲಿಲ್ಲ. ಹಾಗಾಗಿ ಇವತ್ತು ಪ್ರಾಚೀನ ಈಜಿಪ್ಟಿನ ಪ್ರೀತಿ ಮತ್ತು ಮದುವೆ. ರಾಜ-ರಾಣಿಯರದ್ದಲ್ಲ, ಸಂಬಳಕ್ಕೆ ದುಡಿಯೋ ಜನರದ್ದು.

ಹಳ್ಳಿಯ ಈಗಿನ ಹೆಸರು ದೇರ್ ಎಲ್ ಮದೀನಾ. ನೈಲ್ ನದಿಯ ಪಶ್ಚಿಮ ದಡದಲ್ಲಿ, ಲಕ್ಸರ್ ನಗರದ ಎದುರಿಗೆ, ಬೋಳು ಗುಡ್ಡಗಳ ಮಧ್ಯೆ ಇದೆ. ರಾಜರ ಕಣಿವೆ ಅಂತ ಕೇಳಿರ್ತೀರಿ, ತುತಂಖಾಮನ್ ಸಮಾಧಿ ಸಿಕ್ಕ ಜಾಗ. ಆ ಸಮಾಧಿಗಳನ್ನು ಕೊರೆದು, ಗೋಡೆಗೆ ಚಿತ್ರ ಬರೆದ ಕೆಲಸಗಾರರ ಹಳ್ಳಿ ಇದು. ಸುಮಾರು ಕ್ರಿ.ಪೂ. 1500ರಿಂದ 1070ರವರೆಗೆ ಇಲ್ಲಿ ಜನ ಬದುಕಿದ್ರು. ಗೋಡೆಯ ಒಳಗೆ ಹೆಚ್ಚೆಂದರೆ 70 ಮನೆ. ಒಂದಕ್ಕೊಂದು ಅಂಟಿಕೊಂಡ ಉದ್ದನೆಯ, ಇಕ್ಕಟ್ಟಾದ ಮನೆಗಳು. ಊರಲ್ಲಿ ಬಾವಿ ಇಲ್ಲ, ಕುಡಿಯೋ ನೀರೂ ಕತ್ತೆಯ ಮೇಲೆ ಬರಬೇಕು. ಸಂಬಳ ದುಡ್ಡಿನಲ್ಲಲ್ಲ, ಕಾಳಿನಲ್ಲಿ: ಒಬ್ಬ ಕೆಲಸಗಾರನಿಗೆ ತಿಂಗಳಿಗೆ 4 ಚೀಲ ಗೋಧಿ, ಒಂದೂವರೆ ಚೀಲ ಬಾರ್ಲಿ. ಗೋಧಿ ರೊಟ್ಟಿಗೆ, ಬಾರ್ಲಿ ಬಿಯರ್‌ಗೆ.

ಈ ಸಣ್ಣ ಹಳ್ಳಿಯ ಬಗ್ಗೆ ನಮಗೆ ಇಷ್ಟೆಲ್ಲ ಗೊತ್ತಿರೋಕೆ ಒಂದೇ ಕಾರಣ, ಅವರು ಎಲ್ಲವನ್ನೂ ಬರೆದಿಡ್ತಿದ್ರು. ಸಮಾಧಿಯ ಕೆಲಸ ಅಂದ್ಮೇಲೆ ಓದು-ಬರಹ ಬಲ್ಲವರು ಹೆಚ್ಚು. ಪಪೈರಸ್ ಹಾಳೆಯನ್ನು ಸಣ್ಣಪುಟ್ಟದಕ್ಕೆಲ್ಲ ಯಾಕೆ ಖರ್ಚು ಮಾಡ್ಬೇಕು? ಬೆಟ್ಟ ಕಡಿದಾಗ ಉದುರೋ ಸುಣ್ಣದಕಲ್ಲಿನ ಚಕ್ಕೆ ಕಾಲಡಿಯಲ್ಲೇ ಬಿದ್ದಿರುತ್ತಲ್ಲ, ಅದರ ಮೇಲೆ ಬರೆಯೋದು. ಊರ ಪಕ್ಕದಲ್ಲಿ ನೀರಿಗಾಗಿ ಒಂದು ಭಾರಿ ಗುಂಡಿ ತೋಡಿದ್ರು. ನೀರು ಬರಲಿಲ್ಲ, ಗುಂಡಿ ಕಸದ ತೊಟ್ಟಿ ಆಯ್ತು. ಫ್ರೆಂಚ್ ಪುರಾತತ್ವಜ್ಞ ಬರ್ನಾರ್ಡ್ ಬ್ರುಯೇರ್ ಆ ಗುಂಡಿಯನ್ನು ಖಾಲಿ ಮಾಡಿಸಿದಾಗ ಬರಹ ಇರೋ ಚಕ್ಕೆಗಳು, ಮಡಕೆ ಚೂರುಗಳು 5,000ಕ್ಕೂ ಹೆಚ್ಚು ಸಿಕ್ಕವು. ಯಾರು ಯಾರಿಗೆ ಕತ್ತೆ ಬಾಡಿಗೆಗೆ ಕೊಟ್ಟರು, ಯಾರು ಯಾವತ್ತು ಕೆಲಸಕ್ಕೆ ಚಕ್ಕರ್ ಹೊಡೆದರು, ಯಾರ ಮನೆಯ ಹಬ್ಬಕ್ಕೆ ಯಾವ ಹೆಂಗಸು ಎಷ್ಟು ರೊಟ್ಟಿ ತಂದಳು, ಎಲ್ಲ ಇದೆ. ಆ ಕೊನೇದು ಓದಿದಾಗ ನನಗೆ ನಗು ಬಂತು. ನಮ್ಮ ಮದುವೆ ಮನೆಗಳಲ್ಲಿ ಬಾಗಿಲ ಹತ್ತಿರ ಒಬ್ಬರು ನೋಟ್‌ಬುಕ್ ಇಟ್ಕೊಂಡು ಮುಯ್ಯಿ ಬರೆದುಕೊಳ್ತಾ ಕೂತಿರ್ತಾರಲ್ಲ, ಅದೇ ಕೆಲಸ.

ಸರಿ, ಇಂಥ ಊರಲ್ಲಿ ಮದುವೆ ಹೇಗೆ ಆಗ್ತಿತ್ತು? ಇಲ್ಲೇ ಮೊದಲ ಆಶ್ಚರ್ಯ. ಸತ್ತವರಿಗೆ ಅಷ್ಟೊಂದು ವಿಧಿ-ವಿಧಾನ ಮಾಡ್ತಿದ್ದ ಜನ, ಮಮ್ಮಿ ಮಾಡೋಕೇ 70 ದಿನ ತಗೊಳ್ತಿದ್ದ ಜನ, ಮದುವೆಗೆ ಯಾವ ಶಾಸ್ತ್ರವನ್ನೂ ದಾಖಲೆಯಲ್ಲಿ ಬಿಟ್ಟಿಲ್ಲ. ಪುರೋಹಿತ ಮಂತ್ರ ಹೇಳಿದ್ದಾಗಲಿ, ಸರ್ಕಾರಿ ಕಚೇರಿಯಲ್ಲಿ ನೋಂದಣಿ ಆಗಿದ್ದಾಗಲಿ, ತಾಳಿ-ಉಂಗುರದಂಥ ಗುರುತಾಗಲಿ ಕಾಣಲ್ಲ. ಹುಡುಗಿಯ ಕಡೆಗೆ ಹುಡುಗ ಏನೋ ಉಡುಗೊರೆ ಒಯ್ಯೋದು ಇತ್ತು. ಊಟ-ಬಿಯರ್ ಇದ್ದೇ ಇರುತ್ತೆ ಬಿಡಿ. ಆದರೆ ಮದುವೆ ಅಂದ್ರೆ ಇಬ್ಬರು ಒಂದೇ ಮನೆಯಲ್ಲಿ ಬಾಳೋಕೆ ಶುರು ಮಾಡೋದು, ಅಷ್ಟೇ. ಅವರ ಭಾಷೆಯಲ್ಲಿ ಅದಕ್ಕೆ ಬಳಸ್ತಿದ್ದ ಮಾತುಗಳೂ ಅಂಥವೇ. ಒಂದು ಮಾತಿಗೆ "ಮನೆ ಕಟ್ಟೋದು" ಅಂತ ಅರ್ಥ. ಇನ್ನೊಂದಕ್ಕೆ "ಜೊತೆಯಲ್ಲಿ ಕೂರೋದು". ಹೆಂಡತಿಯ ಬಿರುದು "ಮನೆಯೊಡತಿ". ನಮ್ಮಲ್ಲಿ ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ, ಎರಡು ಬೇರೆ ಬೇರೆ ಕಷ್ಟ. ಅವರಿಗೆ ಎರಡೂ ಒಂದೇ.

ಈಗ ಅಕ್ಕ-ತಂಗಿ ಪ್ರಶ್ನೆಗೆ ಬರೋಣ. ಈಜಿಪ್ಟ್ ಭಾಷೆಯಲ್ಲಿ "ಸೆನೆತ್" ಅಂದ್ರೆ ಸಹೋದರಿ. ಹದಿನೆಂಟನೇ ರಾಜವಂಶದ ಕಾಲದಿಂದ, ಅಂದ್ರೆ ಈ ಹಳ್ಳಿ ಹುಟ್ಟಿದ ಕಾಲದಿಂದ, ಗಂಡಂದಿರು ಹೆಂಡತಿಯನ್ನು ಪ್ರೀತಿಯಿಂದ ಅದೇ ಪದದಿಂದ ಕರೆಯೋದು ಸಾಮಾನ್ಯ ಆಯ್ತು. ಪ್ರೇಮಿಗಳೂ ಹಾಗೇ ಕರೀತಾರೆ. ಸಮಾಧಿಯ ಗೋಡೆಯ ಮೇಲೆ "ಅವನ ಸಹೋದರಿ, ಮನೆಯೊಡತಿ" ಅಂತ ಬರೆದಿರೋದನ್ನು ಅಕ್ಷರಶಃ ಓದಿದವರು ಇಡೀ ದೇಶವೇ ಹೀಗೆ ಅಂತ ತಿಳಿದುಕೊಂಡ್ರು. ರಾಜಮನೆತನದಲ್ಲಿ ಅಣ್ಣ-ತಂಗಿ ಮದುವೆ ನಿಜವಾಗಿಯೂ ಆಗ್ತಿತ್ತು. ದೇವರುಗಳಾದ ಒಸಿರಿಸ್ ಮತ್ತು ಐಸಿಸ್ ಹಾಗೇ ತಾನೇ, ರಾಜ ದೇವರ ಸಮಾನ ಅನ್ನೋ ಲೆಕ್ಕ. ತುಂಬಾ ಆಮೇಲೆ, ರೋಮನ್ನರ ಆಳ್ವಿಕೆ ಬಂದ ಮೇಲೆ, ಸಾಮಾನ್ಯ ಜನರಲ್ಲೂ ಇಂಥ ಮದುವೆಗಳು ಇದ್ದವು ಅಂತ ಆ ಕಾಲದ ಜನಗಣತಿ ಪತ್ರಗಳು ತೋರಿಸುತ್ತವೆ. ಆದರೆ ನಾನು ಹೇಳ್ತಿರೋ ಹಳ್ಳಿಗೂ ರೋಮನ್ನರಿಗೂ ಮಧ್ಯೆ ಸಾವಿರ ವರ್ಷದ ಅಂತರ. ಹಳ್ಳಿಯ ಮಟ್ಟಿಗೆ "ಸಹೋದರಿ" ಅನ್ನೋದು ಮುದ್ದಿನ ಮಾತು. ಪ್ರಶ್ನೆ ಕೇಳಿದವರಿಗೆ ಉತ್ತರ ಸಿಕ್ತು ಅಂದ್ಕೋತೀನಿ.

ಈ ಮುದ್ದಿನ ಮಾತು ತುಂಬಿ ತುಳುಕೋದು ಪ್ರೇಮಗೀತೆಗಳಲ್ಲಿ. ಸುಮಾರು ಕ್ರಿ.ಪೂ. 1300ರಿಂದ 1100ರ ಮಧ್ಯೆ ಬರೆದಿಟ್ಟ ಗೀತೆಗಳು ಉಳಿದಿವೆ. ಮುಖ್ಯವಾದ ಸಂಗ್ರಹ ನಾಲ್ಕು: ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ ಒಂದು ಪಪೈರಸ್, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದು, ಇಟಲಿಯ ಟ್ಯೂರಿನ್‌ನಲ್ಲಿ ಒಂದು. ನಾಲ್ಕನೆಯದು ಹಾಳೆಯಲ್ಲ, ಇದೇ ಹಳ್ಳಿಯಲ್ಲಿ ಸಿಕ್ಕ ಒಂದು ಒಡೆದ ಹೂಜಿ. ಹೂಜಿಯ ಮೈಮೇಲೆ ಪೂರ್ತಿ ಪ್ರೇಮಗೀತೆ.

ಅವುಗಳಲ್ಲಿ ಏನಿದೆ? ದೇವರ ಸ್ತುತಿ ಕಡಿಮೆ, ಮನುಷ್ಯರ ಪಾಡು ಜಾಸ್ತಿ. ಒಬ್ಬ ಹುಡುಗ ಮೊಸಳೆ ಇರೋ ನದಿಯನ್ನು ಅವಳಿಗೋಸ್ಕರ ದಾಟ್ತಾನೆ. ಇನ್ನೊಬ್ಬ ಸುಳ್ಳೇ ಕಾಯಿಲೆ ಅಂತ ಮಲಗಿಬಿಡೋ ಉಪಾಯ ಹೂಡ್ತಾನೆ: ಅಕ್ಕಪಕ್ಕದವರು ನೋಡೋಕೆ ಬರ್ತಾರೆ, ಅವರ ಜೊತೆ ಅವಳೂ ಬಂದೇ ಬರ್ತಾಳಲ್ಲ! ಹಕ್ಕಿ ಹಿಡಿಯೋಕೆ ಬಲೆ ಹಾಕೋಕೆ ಹೋದ ಹುಡುಗಿ ಅವನ ಯೋಚನೆಯಲ್ಲಿ ಕೆಲಸ ಮರೆತು, ಬರಿಗೈಯಲ್ಲಿ ಅಮ್ಮನ ಮುಂದೆ ಹೇಗೆ ಹೋಗಲಿ ಅಂತ ಚಿಂತೆ ಮಾಡ್ತಾಳೆ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಬ್ಬ ಹುಡುಗಿ. ಅವನು ನಮ್ಮ ಅಮ್ಮನಿಗೆ ಒಂದು ಮಾತು ಹೇಳಿ ಕಳಿಸಬಾರದೇ ಅನ್ನೋದು ಅವಳ ಹಂಬಲ. ನೋಡಿ, ಪ್ರೀತಿ ಅಲ್ಲಿಗೇ ನಿಲ್ಲಲ್ಲ. ಅದಕ್ಕೆ ಮನೆ ಬೇಕು, ಆ ಮನೆಗೆ ಒಪ್ಪಿಗೆ ಬೇಕು, ಒಪ್ಪಿಗೆಗೆ ಅಮ್ಮನ ಹತ್ತಿರ ಹೋಗಬೇಕು. ಬರೆದ ಕೈ ಗಂಡಸರಾದ ಲಿಪಿಕಾರರದ್ದೇ ಇರಬಹುದು. ಆದರೂ ಹೆಣ್ಣಿನ ಆಸೆಯನ್ನು ಹೆಣ್ಣಿನ ಬಾಯಲ್ಲೇ ಹೇಳಿಸಿದ್ದಾರೆ, ಅದಕ್ಕೆ ನಾಚಿಕೆ ಪಟ್ಟಿಲ್ಲ.

ಗೀತೆಯ ಮಾತು ಇಲ್ಲಿಗೆ ಸಾಕು. ಈಗ ನನ್ನ ಹಳೇ ಪಾಠಕ್ಕೆ ಬರ್ತೀನಿ. ಬಿ.ಕಾಂ. ಓದಿರೋ ನನಗೆ ಲೆಕ್ಕ ಕಂಡರೆ ಕಣ್ಣು ಅಲ್ಲಿಗೇ ಹೋಗುತ್ತೆ. ಈಜಿಪ್ಟಿನ ಮದುವೆಯಲ್ಲಿ ಶಾಸ್ತ್ರ ಇಲ್ಲದೇ ಇರಬಹುದು, ಲೆಕ್ಕ ಮಾತ್ರ ಪಕ್ಕಾ.

ಮೊದಲನೇ ನಿಯಮ: ಹೆಂಡತಿ ತವರಿನಿಂದ ತಂದದ್ದು ಹೆಂಡತಿಯದ್ದೇ. ಅವಳಿಗೆ ಅವಳದೇ ಆಸ್ತಿ ಇರಬಹುದು, ಅದನ್ನು ಮಾರಬಹುದು, ಸಾಲ ಕೊಡಬಹುದು, ನ್ಯಾಯಸಭೆಯ ಮುಂದೆ ತಾನೇ ನಿಂತು ವಾದಿಸಬಹುದು. ಗಂಡನ ಸಹಿ ಬೇಕಿಲ್ಲ. ಎರಡನೇ ನಿಯಮ: ಮದುವೆ ಆದ ಮೇಲೆ ಇಬ್ಬರೂ ಸೇರಿ ಗಳಿಸಿದ್ದನ್ನು ಮೂರು ಪಾಲು ಮಾಡಿದ್ರೆ ಎರಡು ಗಂಡನದು, ಒಂದು ಹೆಂಡತಿಯದು. ಗಂಡ ಸತ್ತರೂ, ಬಿಟ್ಟರೂ ಆ ಒಂದು ಪಾಲು ಅವಳ ಕೈಗೆ ಬರಬೇಕು. ಸಮ ಪಾಲು ಅಲ್ಲ, ಒಪ್ಪಿದೆ. ಆದರೆ ಮನೆಗೆಲಸಕ್ಕೆ ಬೆಲೆಯೇ ಕಟ್ಟದ ಲೆಕ್ಕಗಳನ್ನು ನಾವು ಈಗಲೂ ನೋಡ್ತಿದ್ದೀವಿ. ಮೂರು ಸಾವಿರ ವರ್ಷದ ಹಿಂದೆ ಅವಳ ಪಾಲು ಇಷ್ಟು ಅಂತ ಭಾಗ ಹಾಕಿದ್ರಲ್ಲ, ಅದು ಸಣ್ಣ ಮಾತಲ್ಲ.

ಕಾಲ ಕಳೆದಂತೆ ಇದು ಬರವಣಿಗೆಗೆ ಬಂತು. ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಒಂದು ಪಪೈರಸ್ ಸುರುಳಿ ಇದೆ, ಕ್ರಿ.ಪೂ. 365ರದ್ದು, ಉದ್ದ ಸುಮಾರು 8 ಅಡಿ. ಅದೊಂದು ಜೀವನಾಂಶದ ಕರಾರು. ಹೆಂಡತಿ ಗಂಡನ ಕೈಗೆ 30 ಬೆಳ್ಳಿ ನಾಣ್ಯದ ತೂಕದಷ್ಟು ಬಂಡವಾಳ ಕೊಟ್ಟಿದ್ದಾಳೆ. ಅದಕ್ಕೆ ಬದಲಾಗಿ ಗಂಡ ಅವಳು ಬದುಕಿರೋವರೆಗೆ ವರ್ಷಕ್ಕೆ 1.2 ತೂಕ ಬೆಳ್ಳಿ, 36 ಮೂಟೆ ಧಾನ್ಯ ಕೊಡಬೇಕು. ತಪ್ಪಿದರೆ? ಅವನ ಹತ್ತಿರ ಇರೋದು, ಮುಂದೆ ಬರೋದು, ಎಲ್ಲವೂ ಈ ಕರಾರಿಗೆ ಜಾಮೀನು. ಇದನ್ನು ಮದುವೆ ಪತ್ರ ಅಂತ ಕರೆಯೋದು ಸರಿಯಲ್ಲ, ಯಾಕಂದ್ರೆ ಇಂಥ ಕರಾರುಗಳು ಎಷ್ಟೋ ಸಲ ಮಕ್ಕಳಾದ ಮೇಲೆ ಬರೆಸಿದ್ದೂ ಇವೆ. ಪ್ರೀತಿಯ ಬಗ್ಗೆ ಅದರಲ್ಲಿ ಒಂದು ಅಕ್ಷರ ಇಲ್ಲ. ಅವಳು ಮುದುಕಿಯಾದಾಗ ಏನು ತಿಂತಾಳೆ ಅನ್ನೋ ಬಗ್ಗೆ ಮಾತ್ರ 8 ಅಡಿ ಬರೆದಿದ್ದಾರೆ. ಅದೂ ಪ್ರೀತಿಯ ಒಂದು ರೂಪವೇ ಅಲ್ವಾ ಅಂತ ನನಗೆ ಅನ್ನಿಸ್ತು.

ಗಂಡ-ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ನಾವಂತೀವಿ. ಅಲ್ಲಿ ಕೆಲವು ಜಗಳ ಮಲಗಿದ ಮೇಲೂ ಮುಗೀತಿರಲಿಲ್ಲ. ಮದುವೆಗೆ ಶಾಸ್ತ್ರ ಇಲ್ಲದ ಹಾಗೆ ವಿಚ್ಛೇದನಕ್ಕೂ ಶಾಸ್ತ್ರ ಇಲ್ಲ. ಒಬ್ಬರು ಮನೆ ಬಿಟ್ಟು ಹೊರಟರೆ ಮುಗೀತು. ಗಂಡನೂ ಬಿಡಬಹುದು, ಹೆಂಡತಿಯೂ ಬಿಡಬಹುದು. ಹಾಗಾದ್ರೆ ಮಗಳ ಭವಿಷ್ಯದ ಬಗ್ಗೆ ಹೆತ್ತವರಿಗೆ ಭಯ ಇರಲ್ವಾ? ಇತ್ತು. ಮೂರನೇ ರಾಮ್ಸೆಸ್ ಕಾಲದ ಒಂದು ಕಲ್ಲಿನ ಚಕ್ಕೆ ಇದೆ. ಅದರಲ್ಲಿ ಒಬ್ಬ ಮಾವ ಸಾಕ್ಷಿಗಳ ಮುಂದೆ ಅಳಿಯನಿಂದ ಆಣೆ ಮಾಡಿಸಿಕೊಂಡಿದ್ದಾನೆ. ಇವರ ಮಗಳನ್ನು ನಾನು ಬಿಟ್ಟರೆ ನನಗೆ 100 ಏಟು, ಅವಳ ಜೊತೆ ಸೇರಿ ಗಳಿಸಿದ್ದೆಲ್ಲ ನನ್ನ ಕೈತಪ್ಪಲಿ, ಅನ್ನೋದು ಆಣೆಯ ಸಾರಾಂಶ. ಏಟಿನ ಜೊತೆ ಆಸ್ತಿಯನ್ನೂ ಸೇರಿಸಿದ್ದಾನಲ್ಲ, ಆ ಮಾವನಿಗೆ ವ್ಯವಹಾರ ಗೊತ್ತಿತ್ತು.

ಇನ್ನೊಂದು ಪತ್ರ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಬ್ಬ ಮದುವೆಯಾದ ಗಂಡಸು 8 ತಿಂಗಳಿಂದ ಇನ್ನೊಬ್ಬಳ ಮನೆಗೆ ಹೋಗಿ ಬರ್ತಿದ್ದ. ಒಂದು ರಾತ್ರಿ ಜನ ಗುಂಪುಗೂಡಿ ಹೊರಟರು, ಯಾರಿಗೆ ಹೊಡೆಯೋಕೆ? ಅವನಿಗಲ್ಲ. ಆ ಹೆಂಗಸಿಗೆ ಮತ್ತು ಅವಳ ಮನೆಯವರಿಗೆ. ಒಬ್ಬ ಅಧಿಕಾರಿ ಗುಂಪನ್ನು ತಡೆದು, ಆಮೇಲೆ ಅವಳಿಗೆ ಸಂದೇಶ ಕಳಿಸಿದ: ಅವನಿಗೆ ನೀನೇ ಬೇಕಾದ್ರೆ ಹೆಂಡತಿಯ ಜೊತೆ ನ್ಯಾಯಸಭೆಗೆ ಹೋಗಿ ಆಣೆ ಮಾಡಿ ವಿಷಯ ಬಗೆಹರಿಸಿಕೊಂಡು ಬರಲಿ, ಈ ಸಲ ತಡೆದಿದ್ದೀನಿ, ಮುಂದಿನ ಸಲ ತಡೆಯಲ್ಲ. ಇದನ್ನು ಯಾಕೆ ಹೇಳಿದೆ ಅಂದ್ರೆ, ಇಷ್ಟೊತ್ತು ಕೇಳಿ ನಿಮಗೆ ಪ್ರಾಚೀನ ಈಜಿಪ್ಟ್ ಹೆಣ್ಣುಮಕ್ಕಳ ಸ್ವರ್ಗ ಅನ್ನಿಸಿರಬಹುದು. ಅಲ್ಲ. ಕಾಗದದ ಮೇಲೆ ಹಕ್ಕು ಇತ್ತು. ಬೀದಿಯಲ್ಲಿ ಮಾತ್ರ ದೊಣ್ಣೆ ಎತ್ತಿದ್ದು ಹೆಂಗಸಿನ ಬಾಗಿಲಿಗೇ.

ಮಕ್ಕಳಿಲ್ಲದ ದಂಪತಿಯ ಒಂದು ಕತೆ ಕೇಳಿ. ಹನ್ನೊಂದನೇ ರಾಮ್ಸೆಸ್ ಕಾಲ. ನೆಬ್‌ನೆಫರ್ ಅಂತ ಗಂಡ, ಹೆಂಡತಿಗೆ ಮಕ್ಕಳಾಗಲಿಲ್ಲ. ತಾನು ಸತ್ತರೆ ಒಡಹುಟ್ಟಿದವರು ಬಂದು ಆಸ್ತಿ ಕೇಳ್ತಾರೆ, ಇವಳ ಗತಿ ಏನು? ಅವನು ಏನು ಮಾಡಿದ ಗೊತ್ತಾ? ಸಾಕ್ಷಿಗಳನ್ನು ಕರೆಸಿ ಹೆಂಡತಿಯನ್ನೇ ಮಗಳಾಗಿ ದತ್ತು ತಗೊಂಡ. ಮಗಳಾದ್ರೆ ಪೂರ್ತಿ ಆಸ್ತಿ ಅವಳಿಗೇ. ನಗು ಬರುತ್ತೆ, ಆದರೆ ಕಾನೂನಿನ ಒಳಗೇ ಹೆಂಡತಿಯನ್ನು ಕಾಪಾಡೋ ದಾರಿ ಹುಡುಕಿದ್ದಾನೆ.

ಕತೆ ಅಲ್ಲಿಗೇ ಮುಗಿಯಲ್ಲ. ದಂಪತಿ ಒಬ್ಬ ದಾಸಿಯನ್ನು ಕೊಂಡುಕೊಂಡಿದ್ರು. ಅವಳಿಗೆ ಮೂವರು ಮಕ್ಕಳು ಹುಟ್ಟಿದ್ರು, ಎರಡು ಹೆಣ್ಣು, ಒಂದು ಗಂಡು. ಸುಮಾರು 18 ವರ್ಷ ಆದ ಮೇಲೆ ಮನೆಯೊಡತಿ ಮತ್ತೆ ಸಾಕ್ಷಿಗಳ ಮುಂದೆ ಬಂದು ಆ ಮೂವರನ್ನೂ ದಾಸ್ಯದಿಂದ ಬಿಡಿಸಿ, ತನ್ನ ಮಕ್ಕಳು ಅಂತ ದತ್ತು ತಗೊಂಡಳು. ಹಿರಿಯ ಹುಡುಗಿಯನ್ನು ತನ್ನ ತಮ್ಮನಿಗೆ ಮದುವೆ ಮಾಡಿಸಿ ಅವನನ್ನೂ ದತ್ತು ತಗೊಂಡಳು. ಆಸ್ತಿ ಎಲ್ಲರಿಗೂ ಪಾಲು. ದಾಖಲೆ ಓದಿದರೆ ಎಲ್ಲವೂ ಸುಖಾಂತ್ಯ. ಆದರೆ ಮೂರು ಮಕ್ಕಳನ್ನು ಹೆತ್ತ ಆ ದಾಸಿ? ಅವಳ ಹೆಸರು ಪಪೈರಸ್‌ನಲ್ಲಿದೆ, ಅವಳ ಮಾತು ಇಲ್ಲ. ಅವಳನ್ನು ಕೊಂಡಿದ್ದು ಅಂತ ಇದೆ, ಅವಳು ಹೆತ್ತಳು ಅಂತ ಇದೆ, ಅವಳಿಗೆ ಏನು ಬೇಕಿತ್ತು ಅಂತ ಇಲ್ಲ. ಯಾವ ಲೆಕ್ಕದ ಪುಸ್ತಕವನ್ನೇ ಆಗಲಿ ಓದುವಾಗ ಯಾರ ಹೆಸರಿನ ಮುಂದೆ ಮೊತ್ತ ಬರೆದಿಲ್ಲ ಅಂತ ನೋಡಬೇಕು. ಅದು ನನ್ನ ಓದು ಕಲಿಸಿದ ಪಾಠ.

ಈಗ ಆ ಅಜ್ಜಿ. ಹೆಸರು ನೌನಖ್ತೆ.

ದೇರ್ ಎಲ್ ಮದೀನಾದಲ್ಲಿ ಕೆನ್‌ಹೆರ್‌ಖೆಪ್‌ಶೆಫ್ ಅನ್ನೋ ಲಿಪಿಕಾರ ಇದ್ದ. ಹಳ್ಳಿಯ ಲೆಕ್ಕ-ಪತ್ರ ನೋಡಿಕೊಳ್ತಾ ದಶಕಗಳ ಕಾಲ ದೊಡ್ಡ ಮನುಷ್ಯನಾಗಿ ಬದುಕಿದವನು. ಪುಸ್ತಕದ ಹುಚ್ಚು ಇದ್ದವನು, ಪಪೈರಸ್ ಸುರುಳಿಗಳನ್ನು ಕೂಡಿಡ್ತಿದ್ದ. ನೌನಖ್ತೆ ಅವನ ಹೆಂಡತಿ, ವಯಸ್ಸಿನಲ್ಲಿ ಅವನಿಗಿಂತ ತುಂಬಾ ಚಿಕ್ಕವಳು. ಮಕ್ಕಳಾಗಲಿಲ್ಲ. ಅವನು ಸತ್ತ ಮೇಲೆ ಅವಳು ಖಾಎಮ್‌ನುನ್ ಅನ್ನೋ ಕೆಲಸಗಾರನನ್ನು ಮದುವೆ ಆದಳು. ವಿಧವೆ ಮತ್ತೆ ಮದುವೆ ಆಗೋದು ಅಲ್ಲಿ ಸುದ್ದಿಯೇ ಅಲ್ಲ. ಈ ಮದುವೆಯಲ್ಲಿ 8 ಮಕ್ಕಳು. ಅವರಲ್ಲಿ ಒಬ್ಬನಿಗೆ ಏನು ಹೆಸರಿಟ್ಟರು ಗೊತ್ತಾ? ಕೆನ್‌ಹೆರ್‌ಖೆಪ್‌ಶೆಫ್. ತೀರಿಕೊಂಡ ಮೊದಲ ಗಂಡನ ಹೆಸರು! ಎರಡನೇ ಗಂಡನ ಮನೆಯಲ್ಲಿ ದಿನಾ ಆ ಹೆಸರನ್ನು ಕೂಗಿ ಕರೀತಿದ್ದಳು ಅಂತಾಯ್ತು. ಖಾಎಮ್‌ನುನ್ ಅದಕ್ಕೆ ಒಪ್ಪಿದ್ದ ಅಂತಲೂ ಆಯ್ತು. ಆ ಮನುಷ್ಯನ ಬಗ್ಗೆ ನನಗೆ ಗೌರವ ಮೂಡಿದ್ದು ಇಲ್ಲೇ.

ವರ್ಷಗಳು ಕಳೆದವು. ನೌನಖ್ತೆಗೆ ವಯಸ್ಸಾಯ್ತು. ಐದನೇ ರಾಮ್ಸೆಸ್ ಪಟ್ಟಕ್ಕೆ ಬಂದ ಮೂರನೇ ವರ್ಷ, ಅಂದ್ರೆ ಸುಮಾರು ಕ್ರಿ.ಪೂ. 1145ರಲ್ಲಿ, ಅವಳು ಹಳ್ಳಿಯ ನ್ಯಾಯಸಭೆಯ ಮುಂದೆ ಬಂದು ನಿಂತಳು. 14 ಜನ ಸಾಕ್ಷಿಗಳು. ಅವಳು ಹೇಳಿದ್ದರ ತಾತ್ಪರ್ಯ ಇಷ್ಟು: ನಾನು ಸ್ವತಂತ್ರ ಹೆಂಗಸು. ಎಂಟು ಮಕ್ಕಳನ್ನು ಬೆಳೆಸಿದೆ, ಅವರವರ ಮನೆ ಹೂಡುವಾಗ ಕೊಡಬೇಕಾದ್ದನ್ನೆಲ್ಲ ಕೊಟ್ಟೆ. ಈಗ ನನಗೆ ವಯಸ್ಸಾಗಿದೆ. ಇವರಲ್ಲಿ ಕೆಲವರು ನನ್ನನ್ನು ನೋಡಿಕೊಳ್ತಿಲ್ಲ. ಕೈ ಹಿಡಿದವರಿಗೆ ನನ್ನ ಆಸ್ತಿ, ಕೈ ಬಿಟ್ಟವರಿಗೆ ಇಲ್ಲ.

ಆಮೇಲೆ ಒಬ್ಬೊಬ್ಬರ ಹೆಸರು ಹೇಳ್ತಾ ಹೋದಳು. ಯಾರಿಗೆ ಪಾಲು, ಯಾರಿಗೆ ಇಲ್ಲ. ಮೊದಲ ಗಂಡನ ಹೆಸರು ಹೊತ್ತ ಮಗನಿಗೆ ಉಳಿದವರಿಗಿಂತ ಹೆಚ್ಚುವರಿಯಾಗಿ ಒಂದು ಕಂಚಿನ ಪಾತ್ರೆ. ಮೊದಲ ಗಂಡನಿಂದ ಅವಳಿಗೆ ಬಂದ ಆಸ್ತಿ, ಜೊತೆಗೆ ಈಗಿನ ಸಂಸಾರದ ಗಳಿಕೆಯಲ್ಲಿ ಅವಳ ಮೂರನೇ ಒಂದು ಪಾಲು, ಹೀಗೆ ತನಗೆ ಸೇರಿದ್ದನ್ನು ಮಾತ್ರ ಅವಳು ಹಂಚಿದ್ದು. ಅಪ್ಪನ ಮೂರರಲ್ಲಿ ಎರಡು ಪಾಲಿನ ಮೇಲೆ ಎಂಟೂ ಮಕ್ಕಳ ಹಕ್ಕು ಹಾಗೇ ಉಳೀತು, ಅದನ್ನು ಅವಳು ಮುಟ್ಟಲಿಲ್ಲ. ಸಿಟ್ಟಿನಲ್ಲೂ ಲೆಕ್ಕ ತಪ್ಪಲಿಲ್ಲ. ಮರುವರ್ಷ ಖಾಎಮ್‌ನುನ್ ಮಕ್ಕಳನ್ನು ಕರಕೊಂಡು ಅದೇ ಸಭೆಗೆ ಬಂದ. ಅವಳ ಮಾತಿಗೆ ನಾವು ಬದ್ಧ, ಮುಂದೆ ತಕರಾರು ತೆಗೆಯಲ್ಲ ಅಂತ ಆಣೆ ಮಾಡಿದ್ರು.

ಯೋಚನೆ ಮಾಡಿ. ನಮ್ಮ ದೇಶದಲ್ಲಿ 2007ರಲ್ಲಿ ಹಿರಿಯ ನಾಗರಿಕರ ಪಾಲನೆಗೆ ಒಂದು ಕಾಯ್ದೆ ಬಂತು. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದೇ ಇದ್ದರೆ ರದ್ದು ಮಾಡಿಸೋ ದಾರಿ ಅದರಲ್ಲಿದೆ. ಎಷ್ಟೋ ತಾಯಂದಿರು ನಾಲ್ಕು ಜನ ಏನಂದುಕೊಳ್ತಾರೋ ಅಂತ ಆ ದಾರಿ ತುಳಿಯಲ್ಲ. ನೌನಖ್ತೆ 14 ಜನರನ್ನು ಮುಂದೆ ಕೂರಿಸಿಕೊಂಡೇ ಹೇಳಿದಳು.

ಇನ್ನೊಂದು ವಿಷಯ, ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಇದೇ. ಡಬ್ಲಿನ್‌ನಲ್ಲಿ ಒಂದು ಪ್ರೇಮಗೀತೆಗಳ ಪಪೈರಸ್ ಇದೆ ಅಂದೆನಲ್ಲ, ಅಮ್ಮನಿಗೆ ಹೇಳಿ ಕಳಿಸಬಾರದೇ ಅಂತ ಹಂಬಲಿಸೋ ಹುಡುಗಿ ಇರೋದು. ಅದು ಸಿಕ್ಕಿದ್ದು 1928ರಲ್ಲಿ, ಇದೇ ಹಳ್ಳಿಯಲ್ಲಿ. ಅದೇ ಸಂಗ್ರಹದ ಪಪೈರಸ್‌ಗಳಲ್ಲಿ ನೌನಖ್ತೆಯ ಉಯಿಲೂ ಇತ್ತು, ಅದು ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿದೆ. ಮೊದಲ ಗಂಡ ಕೂಡಿಟ್ಟ ಸುರುಳಿಗಳು ಅವಳ ಮೂಲಕ ಅವಳ ಮಕ್ಕಳ ಕೈಗೆ ಬಂದವು, ಮಕ್ಕಳು ಅದಕ್ಕೆ ಇನ್ನಷ್ಟು ಸೇರಿಸಿದ್ರು ಅಂತ ತಜ್ಞರು ಹೇಳ್ತಾರೆ. ಅಂದ್ರೆ ಒಂದೇ ಕುಟುಂಬ ಪ್ರೇಮಗೀತೆಯನ್ನೂ ಉಯಿಲನ್ನೂ ಒಟ್ಟಿಗೆ ಜೋಪಾನ ಮಾಡಿತ್ತು. ನಾವು ಮಾತ್ರ ಪ್ರೀತಿಯನ್ನು ಒಂದು ಕಡೆ, ಲೆಕ್ಕವನ್ನು ಇನ್ನೊಂದು ಕಡೆ ಇಡ್ತೀವಿ. ಮದುವೆ ಮಾತುಕತೆಯಲ್ಲಿ ಹುಡುಗಿ ತನ್ನ ಹೆಸರಿನಲ್ಲಿ ಏನಿರುತ್ತೆ ಅಂತ ಕೇಳಿದ್ರೆ "ಇವಳಿಗೆ ಪ್ರೀತಿಗಿಂತ ದುಡ್ಡೇ ಹೆಚ್ಚು" ಅಂತೀವಿ. ನೌನಖ್ತೆಯ ಮನೆಯವರು ಹಾಗೆ ಅನ್ನುತ್ತಿರಲಿಲ್ಲ ಅನ್ಸುತ್ತೆ.

ಲೆಕ್ಕಕ್ಕೆ ಸಿಗದೇ ಇರೋದೂ ಉಂಟು. ಮುಗಿಸೋ ಮುಂಚೆ ಎರಡು ಸಣ್ಣ ಸಂಗತಿ ಹೇಳ್ತೀನಿ.

ನೆದರ್ಲೆಂಡ್ಸ್‌ನ ಲೈಡನ್ ನಗರದ ವಸ್ತುಸಂಗ್ರಹಾಲಯದಲ್ಲಿ ಒಂದು ಪತ್ರ ಇದೆ. ಇದು ನಮ್ಮ ಹಳ್ಳಿಯದ್ದಲ್ಲ, ಹತ್ತಿರ ಹತ್ತಿರ ಅದೇ ಕಾಲದ್ದು. ಒಬ್ಬ ವಿಧುರ ತೀರಿಹೋದ ಹೆಂಡತಿ ಅಂಖಿರಿಗೆ ಬರೆದಿದ್ದಾನೆ. ಅದನ್ನು ಒಂದು ಹೆಣ್ಣಿನ ಪುಟ್ಟ ಮೂರ್ತಿಗೆ ಕಟ್ಟಿಟ್ಟಿದ್ದ. ಅವನಿಗೇನೋ ಕಷ್ಟ ಶುರುವಾಗಿದೆ, ಸತ್ತ ಹೆಂಡತಿ ಮುನಿಸಿಕೊಂಡು ಕಾಡ್ತಿದ್ದಾಳೆ ಅಂತ ಅವನ ನಂಬಿಕೆ. ಅದಕ್ಕೆ ತನ್ನ ಕಡೆಯ ವಾದ ಮಂಡಿಸ್ತಾನೆ. ಚಿಕ್ಕ ವಯಸ್ಸಿನಲ್ಲಿ ನಿನ್ನನ್ನು ಮದುವೆ ಆದೆ, ದೊಡ್ಡ ಹುದ್ದೆಗೆ ಬಂದ ಮೇಲೂ ಬಿಡಲಿಲ್ಲ. ನಿನಗೆ ಹುಷಾರಿಲ್ಲದಾಗ ವೈದ್ಯರನ್ನು ಕರೆಸಿದೆ. ನೀನು ಹೋದಾಗ ನಾನು ರಾಜನ ಜೊತೆ ದಕ್ಷಿಣಕ್ಕೆ ಹೋಗಿದ್ದೆ, 8 ತಿಂಗಳು ಸರಿಯಾಗಿ ಉಣ್ಣಲಿಲ್ಲ, ಕುಡಿಯಲಿಲ್ಲ. ಮೂರು ವರ್ಷ ಆಯ್ತು, ಒಬ್ಬನೇ ಇದ್ದೀನಿ. ಇದೂ ಒಂದು ರೀತಿ ಲೆಕ್ಕವೇ. ಆದರೆ ಎದುರಿಗೆ ಕೂತು ತಾಳೆ ನೋಡಬೇಕಾದವಳು ಇಲ್ಲ.

ಎರಡನೆಯದು ಮತ್ತೆ ನಮ್ಮ ಹಳ್ಳಿಯದೇ, ನೌನಖ್ತೆಗಿಂತ ಇನ್ನೂರೈವತ್ತು ವರ್ಷ ಹಿಂದಿನದು. ಸಮಾಧಿ ಕೆಲಸದ ಮೇಲ್ವಿಚಾರಕ ಖಾ, ಹೆಂಡತಿ ಮೆರಿತ್. 1906ರಲ್ಲಿ ಇಟಲಿಯ ಅರ್ನೆಸ್ಟೊ ಸ್ಕಿಯಾಪರೆಲ್ಲಿ ಇವರ ಸಮಾಧಿಯನ್ನು ಕಂಡುಹಿಡಿದರು. ಕಳ್ಳರು ಮುಟ್ಟದೇ ಪೂರ್ತಿ ಉಳಿದಿತ್ತು, ಅದರ ವಸ್ತುಗಳು ಈಗ ಟ್ಯೂರಿನ್‌ನಲ್ಲಿವೆ. ಇಬ್ಬರ ಮಂಚ, ಹಾಸಿಗೆ ಬಟ್ಟೆ, ರೊಟ್ಟಿ, ಮೆರಿತ್‌ಳ ಪ್ರಸಾಧನದ ಪೆಟ್ಟಿಗೆ, ಅವಳ ಜಡೆಜಡೆಯ ಕೃತಕ ಕೇಶ, ಎಲ್ಲ. ಮೆರಿತ್ ಮೊದಲು ತೀರಿಕೊಂಡಳು. ಅವಳಿಗೆ ಶವಪೆಟ್ಟಿಗೆ ಸಿದ್ಧ ಇರಲಿಲ್ಲ. ಖಾ ತನಗೆ ಅಂತ ಮಾಡಿಸಿಟ್ಟಿದ್ದ ಪೆಟ್ಟಿಗೆಯಲ್ಲಿ ಅವಳನ್ನು ಮಲಗಿಸಿದ. ಪೆಟ್ಟಿಗೆಯ ಮೇಲಿನ ಬರಹದಲ್ಲಿ ಹೆಸರು ಅವನದು, ಒಳಗೆ ಅವಳು. ಅವಳ ಅಳತೆಗೆ ಅದು ತುಂಬಾ ದೊಡ್ಡದಾಯ್ತು.

ಆ ಊರಿನ ಜನಕ್ಕೆ ಶವಪೆಟ್ಟಿಗೆಯ ಬೆಲೆ ಚೆನ್ನಾಗಿ ಗೊತ್ತು, ಅದನ್ನು ಮಾಡೋದೂ ಅವರ ಕಸುಬು. ಮುಂದಿನ ಲೋಕದಲ್ಲಿ ಸುಖವಾಗಿರೋಕೆ ಅವನು ವರ್ಷಗಟ್ಟಲೆ ಕೂಡಿಟ್ಟ ಗಳಿಕೆ ಅದು. ಅದನ್ನು ಅವಳಿಗೆ ಕೊಟ್ಟ. ಮೂರರಲ್ಲಿ ಎರಡು, ಮೂರರಲ್ಲಿ ಒಂದು ಅಂತ ಅಲ್ಲಿ ಯಾರೂ ಭಾಗ ಹಾಕಲಿಲ್ಲ.

ಇವತ್ತಿಗೆ ಇಷ್ಟು. ಸಂಚಿಕೆ ಇಷ್ಟ ಆಗಿದ್ರೆ ಮನೆಯವರ ಜೊತೆ ಕೂತು ಇನ್ನೊಂದು ಸಲ ಕೇಳಿ. ಕೇಳಿ ಮುಗಿದ ಮೇಲೆ ಒಂದು ಮಾತು ಆಡಿ: ಮನೆಯ ಪತ್ರಗಳಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ಅಂತ. ಪ್ರೀತಿ ಇರೋ ಮನೆಯಲ್ಲಿ ಈ ಮಾತು ಆಡೋಕೆ ಹೆದರಬೇಕಿಲ್ಲ. ಪ್ರಶ್ನೆಗಳಿದ್ರೆ ಕಳಿಸ್ತಾ ಇರಿ.